ಬರಹದಲ್ಲಿ ಕೊಡಿ ಎಂದು ಕೇಳಿದ ಮೇಲೆ

ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರ ಆದೇಶದ ಪ್ರತಿ ಕಳೆದ ತಿಂಗಳು ಅಂಚೆಯಲ್ಲಿ ಬಂತು. ಕೈಗೆ ಬಂದಿದ್ದ ಕೆಲಸವನ್ನು ನನ್ನ ಕಿವಿಯ ಕಾರಣಕ್ಕೆ ಹಿಂದಕ್ಕೆ ಪಡೆದ ಕಂಪನಿಯೊಂದರ ವಿರುದ್ಧ ನಾನು ಕೊಟ್ಟಿದ್ದ ದೂರು ಅಲ್ಲಿಗೆ ಇತ್ಯರ್ಥವಾಯಿತು. ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು, ಎಷ್ಟು ಕಾಯಬೇಕು ಎಂದು ಹೇಳುವವರಿಲ್ಲದೆ ನಾನು ಬಹಳ ಅಲೆದಿದ್ದೇನೆ. ನನ್ನ ಹಾಗೆ ಕಷ್ಟಕ್ಕೆ ಸಿಲುಕಿದವರಿಗೆ ಅಷ್ಟಾದರೂ ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ಹೆಸರೂ ಇಲ್ಲಿ ಬೇಡ.

ಉದ್ಯೋಗದಲ್ಲಿ ಈಗಲೂ ತಾರತಮ್ಯ ಇದೆಯೇ ಎಂದು ನನ್ನನ್ನು ಕೇಳಿದವರು ಹಲವರು. ಇದೆ. ಆದರೆ ಅದು ಕಾಗದದ ಮೇಲೆ ಸಿಗುವುದಿಲ್ಲ. ಯಾವ ಕಂಪನಿಯೂ ‘ನಿಮಗೆ ಕಿವಿ ಕೇಳಿಸುವುದಿಲ್ಲ, ಆದ್ದರಿಂದ ಕೆಲಸ ಕೊಡುವುದಿಲ್ಲ’ ಎಂದು ಬರೆದು ಸಹಿ ಹಾಕುವುದಿಲ್ಲ. ಫೋನಿನಲ್ಲಿ, ಮೃದುವಾದ ದನಿಯಲ್ಲಿ, ನಮ್ಮ ಒಳ್ಳೆಯದಕ್ಕೇ ಎಂಬಂತೆ ಹೇಳಿಬಿಡುತ್ತಾರೆ. ನನ್ನ ಹೋರಾಟದ ಮುಕ್ಕಾಲು ಭಾಗ ಆ ಮಾತನ್ನು ಕಾಗದಕ್ಕೆ ತರುವುದರಲ್ಲೇ ಕಳೆಯಿತು.

ನಾನು ಲೆಕ್ಕಪತ್ರದ ಕೆಲಸದವಳು. ಬಿ.ಕಾಂ. ಮುಗಿಸಿ, ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಪಳಗಿ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಲೆಕ್ಕದ ತಾಳೆ, ವರ್ಷಾಂತ್ಯದ ಲೆಕ್ಕ ಎಲ್ಲವನ್ನೂ ಮಾಡಿದವಳು. ಇಪ್ಪತ್ತರ ಹರೆಯದಲ್ಲಿ ಎರಡೂ ಕಿವಿಗಳ ಶ್ರವಣಶಕ್ತಿ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು. ಈಗ ಶ್ರವಣ ಸಾಧನ ಹಾಕಿಕೊಂಡು, ಎದುರಿಗೆ ಕುಳಿತವರ ತುಟಿಯನ್ನೂ ನೋಡಿಕೊಂಡು ಮಾತನ್ನು ಚೆನ್ನಾಗಿಯೇ ಹಿಡಿಯುತ್ತೇನೆ. ಫೋನಿನಲ್ಲಿ ಮಾತ್ರ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಹಳೆಯ ಕಚೇರಿಯಲ್ಲಿ ಎಲ್ಲ ವ್ಯವಹಾರವೂ ಇಮೇಲ್ ಮತ್ತು ಚಾಟ್‌ನಲ್ಲೇ ನಡೆಯುತ್ತಿದ್ದುದರಿಂದ ಅದು ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ. ಆ ಕಚೇರಿ ಮುಚ್ಚಿದಾಗ ಬೆಂಗಳೂರಿನಲ್ಲಿ ಬೇರೆ ಕೆಲಸ ಹುಡುಕಬೇಕಾಯಿತು.

ಈ ಕಂಪನಿಯ ಲಿಖಿತ ಪರೀಕ್ಷೆಯಲ್ಲಿ ಪಾಸಾದೆ. ಸಂದರ್ಶನ ಎದುರುಬದುರು ನಡೆಯಿತು, ಅದೂ ಸಲೀಸಾಗಿ ಆಯಿತು. ನೇಮಕದ ಪ್ರಸ್ತಾವ ಪತ್ರ ಇಮೇಲ್‌ನಲ್ಲಿ ಬಂತು. ವೈದ್ಯಕೀಯ ತಪಾಸಣೆಯಲ್ಲಿ ಅರ್ಹರೆಂದು ಕಂಡುಬಂದರೆ ಮಾತ್ರ ನೇಮಕ ಎಂಬ ಷರತ್ತು ಅದರಲ್ಲಿತ್ತು. ತಪಾಸಣೆಗೆ ಹೋದಾಗ ನಮೂನೆಯಲ್ಲಿ ಶ್ರವಣದೋಷದ ಕಾಲಂ ಇತ್ತು, ಇದ್ದದ್ದನ್ನು ಇದ್ದಂತೆ ತುಂಬಿದೆ. ಕೆಲವು ದಿನ ಬಿಟ್ಟು ಮಾನವ ಸಂಪನ್ಮೂಲ ವಿಭಾಗದಿಂದ ಕರೆ ಬಂತು. ಎರಡು ವಾಕ್ಯ ಕೇಳಿ, ಅರ್ಥವಾಗದೆ, ಪಕ್ಕದಲ್ಲಿದ್ದ ತಂಗಿಗೆ ಫೋನ್ ಕೊಟ್ಟೆ. ಅವಳ ಮುಖ ಬಾಡುತ್ತ ಹೋದುದನ್ನು ನೋಡಿಯೇ ವಿಷಯ ತಿಳಿಯಿತು. ‘ಈ ಹುದ್ದೆಯಲ್ಲಿ ಫೋನಿನಲ್ಲಿ ಮಾತನಾಡುವ ಕೆಲಸ ಜಾಸ್ತಿ. ನಿಮ್ಮ ಅಕ್ಕನಿಗೇ ಕಷ್ಟವಾಗುತ್ತದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ’ ಎಂದರಂತೆ.

ಈ ‘ಒಳ್ಳೆಯದಕ್ಕೇ’ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕರುಣೆ ತೋರಿದವರ ಮೇಲೆ ಸಿಟ್ಟಾದರೆ ಕೃತಘ್ನಳೆನ್ನಿಸಿಕೊಳ್ಳಬೇಕಾಗುತ್ತದೆ. ಆ ಕೆಲಸ ನನಗೆ ಕಷ್ಟವೋ ಸುಲಭವೋ ಎಂದು ಅವರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಪರೀಕ್ಷೆ ಮಾಡಿ, ಸಂದರ್ಶನ ಮಾಡಿ, ಯೋಗ್ಯಳೆಂದು ಒಪ್ಪಿದವರೇ ಒಂದು ಶ್ರವಣ ನಕ್ಷೆಯನ್ನು ನೋಡಿದ ಕೂಡಲೇ ನನ್ನ ಯೋಗ್ಯತೆಯನ್ನು ಮರೆತರು. ಇದನ್ನು ದಯೆ ಎಂದು ನಾನು ಒಪ್ಪಲಾರೆ.

ಆ ಸಂಜೆಯೇ ಒಂದು ಇಮೇಲ್ ಬರೆದೆ. ಇಂಥ ದಿನ, ಇಂಥ ಸಮಯಕ್ಕೆ, ಇಂಥ ಸಂಖ್ಯೆಯಿಂದ ಬಂದ ಕರೆಯಲ್ಲಿ ನನ್ನ ಶ್ರವಣದೋಷದ ಕಾರಣಕ್ಕೆ ನೇಮಕವನ್ನು ಹಿಂಪಡೆಯಲಾಗಿದೆ ಎಂದು ತಿಳಿಸಲಾಯಿತು, ನಾನು ಗ್ರಹಿಸಿದ್ದು ಸರಿಯೇ, ನನಗೆ ಫೋನ್ ಸರಿಯಾಗಿ ಕೇಳಿಸದ ಕಾರಣ ದಯವಿಟ್ಟು ಬರಹದಲ್ಲಿ ತಿಳಿಸಿ ಎಂದು. ಇದನ್ನು ಓದುವವರು ಬೇರೇನು ಮರೆತರೂ ಈ ಹೆಜ್ಜೆಯನ್ನು ಮರೆಯಬೇಡಿ. ಬರಹದಲ್ಲಿ ಕೊಡಿ ಎಂದು ಕೇಳುವುದು ಶ್ರವಣದೋಷ ಇರುವವರ ನ್ಯಾಯವಾದ ಬೇಡಿಕೆ, ಮುಂದೆ ಅದೇ ಸಾಕ್ಷ್ಯವೂ ಆಗುತ್ತದೆ. ಬೇರೆ ಬಗೆಯ ತಾರತಮ್ಯಕ್ಕೆ ಒಳಗಾದವರೂ ಬಾಯಿಮಾತಿನಲ್ಲಿ ಬಂದದ್ದನ್ನು ಅಂದೇ ಇಮೇಲ್‌ನಲ್ಲಿ ಬರೆದು ಕಳುಹಿಸಿ. ಅವರು ಉತ್ತರಿಸದಿದ್ದರೂ ನೀವು ಬರೆದದ್ದು ದಿನಾಂಕ ಸಮೇತ ಉಳಿಯುತ್ತದೆ. ಕರೆಯ ಪಟ್ಟಿಯ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಉದ್ಯೋಗದ ಜಾಹೀರಾತನ್ನು ಉಳಿಸಿಕೊಳ್ಳಿ, ಹುದ್ದೆ ಭರ್ತಿಯಾದ ಮೇಲೆ ಅದು ಜಾಲತಾಣದಿಂದ ಮಾಯವಾಗುತ್ತದೆ. ನನ್ನ ಬಳಿ ಅದರ ಪಿಡಿಎಫ್ ಇತ್ತು. ಅದರಲ್ಲಿ ಫೋನಿನ ಮಾತೇ ಇರಲಿಲ್ಲ.

ಉತ್ತರ ಬರಲಿಲ್ಲ. ನೆನಪೋಲೆ ಕಳುಹಿಸಿದೆ. ಅದಕ್ಕೂ ಇಲ್ಲ. ಮೂರನೆಯದಕ್ಕೆ ‘ವ್ಯಾವಹಾರಿಕ ಅಗತ್ಯಗಳ ಬದಲಾವಣೆಯಿಂದಾಗಿ’ ಹುದ್ದೆಯನ್ನು ತಡೆಹಿಡಿಯಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಅದೇ ವಾರ ಅದೇ ಹುದ್ದೆಯ ಜಾಹೀರಾತು ಮತ್ತೆ ಕಾಣಿಸಿಕೊಂಡಿತು. ಅದನ್ನೂ ಉಳಿಸಿಕೊಂಡೆ.

ಮನೆಯಲ್ಲಿ ಯಾರಿಗೂ ಜಗಳ ಬೇಕಿರಲಿಲ್ಲ. ಇನ್ನೊಂದು ಕೆಲಸ ಹುಡುಕು, ಇವರ ಸಹವಾಸ ಯಾಕೆ ಎಂದು ಅಮ್ಮ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಇನ್ನೊಂದು ಕಡೆಯೂ ತಪಾಸಣೆ ಇರುತ್ತದೆ, ಅಲ್ಲಿಯೂ ಅದೇ ಕಾಲಂ ಇರುತ್ತದೆ. ನಾನು ಎಲ್ಲಿಯವರೆಗೆ ಓಡಲಿ?

ಕಾನೂನು ಏನು ಹೇಳುತ್ತದೆ ಎಂದು ಹುಡುಕತೊಡಗಿದೆ. ನಮ್ಮ ಸಂವಿಧಾನದ 15 ಮತ್ತು 16ನೆಯ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿ ನೇಮಕಾತಿಯಲ್ಲಿ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಒಂದು ಸಮಗ್ರ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಕಾಯ್ದೆಗಳಿವೆ. ನನಗೆ ಅನ್ವಯಿಸುವುದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಇದು 2017ರ ಏಪ್ರಿಲ್ 19ರಂದು ಜಾರಿಗೆ ಬಂದು 1995ರ ಹಳೆಯ ಕಾಯ್ದೆಯ ಜಾಗದಲ್ಲಿ ನಿಂತಿತು. ಹಳೆಯದರಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ 21. ಅದರ 3ನೆಯ ಸೆಕ್ಷನ್ ವೈಕಲ್ಯದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎನ್ನುತ್ತದೆ. ತಾರತಮ್ಯದ ವ್ಯಾಖ್ಯೆಯಲ್ಲಿ ‘ಸೂಕ್ತ ಹೊಂದಾಣಿಕೆ’ಯನ್ನು ನಿರಾಕರಿಸುವುದೂ ಸೇರಿದೆ. ಅಂದರೆ ಮಿತಿಮೀರಿದ ಹೊರೆಯಾಗದ, ಆ ವ್ಯಕ್ತಿಗೆ ಬೇಕಾದ ಬದಲಾವಣೆಯನ್ನು ಮಾಡಿಕೊಡದೆ ಇರುವುದು. ನನಗೆ ಬೇಕಿದ್ದುದು ಫೋನಿನ ಬದಲು ಇಮೇಲ್, ಸಭೆಗಳಲ್ಲಿ ಪರದೆಯ ಮೇಲೆ ಅಕ್ಷರ. ಎರಡಕ್ಕೂ ಖರ್ಚೇ ಇಲ್ಲ.

21ನೆಯ ಸೆಕ್ಷನ್ ನೋಡಿದಾಗ ಧೈರ್ಯ ಬಂತು. ಪ್ರತಿಯೊಂದು ಸಂಸ್ಥೆಯೂ, ಖಾಸಗಿಯೂ ಸೇರಿ, ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ಅದರ ಪ್ರತಿಯನ್ನು ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಏನೇನಿರಬೇಕು ಎಂದು 2017ರ ಕೇಂದ್ರ ನಿಯಮಗಳು ಪಟ್ಟಿ ಕೊಡುತ್ತವೆ: ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳು, ಆಯ್ಕೆಯ ವಿಧಾನ, ಒದಗಿಸುವ ಸೌಲಭ್ಯಗಳು, ನೇಮಕಾತಿಯನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿ. ಈ ಕಂಪನಿಯಲ್ಲಿ ನೂರಾರು ಜನರಿದ್ದಾರೆ. ನೀತಿಯನ್ನು ನೋಂದಾಯಿಸಿದ್ದಾರೆಯೇ?

ಇದನ್ನು ಕಂಪನಿಯನ್ನೇ ಕೇಳಬೇಕಾಗಿಲ್ಲ. ನೋಂದಣಿ ಆಗುವುದು ಸರ್ಕಾರಿ ಕಚೇರಿಯಲ್ಲಿ, ಆದ್ದರಿಂದ ಮಾಹಿತಿ ಹಕ್ಕಿನಡಿ ಕೇಳಬಹುದು. ಶುಲ್ಕ 10 ರೂಪಾಯಿ, ಅಂಚೆ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಕಥೆಯನ್ನೆಲ್ಲ ಅಲ್ಲಿ ತುಂಬಬೇಡಿ, ಇಂಥ ಸಂಸ್ಥೆ ನೀತಿ ನೋಂದಾಯಿಸಿದೆಯೇ, ಇದ್ದರೆ ಪ್ರತಿ ಕೊಡಿ ಎಂದಷ್ಟೇ ಕೇಳಿ. ಕಾಯ್ದೆ ಕೊಡುವ ಗಡುವು 30 ದಿನ. ನನಗೆ ಬಂದ ಉತ್ತರ: ಅಂಥ ಯಾವುದೇ ನೋಂದಣಿ ಕಡತದಲ್ಲಿ ಕಂಡುಬಂದಿಲ್ಲ. ಆ ಒಂದು ಸಾಲು ಮುಂದೆ ನನ್ನ ದೂರಿನ ಬೆನ್ನೆಲುಬಾಯಿತು.

ಈ ಮಧ್ಯೆ ವೈಕಲ್ಯ ಪ್ರಮಾಣಪತ್ರದ ಪಾಡು ಬೇರೆ. ಹಿಂದೊಮ್ಮೆ ತಪಾಸಣೆ ಮಾಡಿಸಿದಾಗ ನನ್ನ ವೈಕಲ್ಯದ ಪ್ರಮಾಣ ಮೀಸಲಾತಿಯಂಥ ಸೌಲಭ್ಯಗಳಿಗೆ ಬೇಕಾದ ಶೇ. 40ಕ್ಕಿಂತ ಕಡಿಮೆ ಇದ್ದುದರಿಂದ ಗುರುತಿನ ಚೀಟಿಯಿಂದ ಪ್ರಯೋಜನವಿರಲಿಲ್ಲ. ಆಮೇಲೆ ಶ್ರವಣಶಕ್ತಿ ಇನ್ನೂ ಇಳಿದಿತ್ತು. ಈಗ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಆಧಾರ್, ಭಾವಚಿತ್ರ, ಸಹಿಯ ಚಿತ್ರ, ವಿಳಾಸದ ದಾಖಲೆ ಇಷ್ಟು ಬೇಕು. ಅರ್ಜಿ ಹಾಕುವಾಗ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇರಲಿ, ಇನಿಷಿಯಲ್ ಹಿಂದುಮುಂದಾದರೂ ಅರ್ಜಿ ವಾಪಸ್ ಬರುತ್ತದೆ. ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಅರ್ಜಿ ತುಂಬಿಸುವುದು ಅವರ ಕೆಲಸದಲ್ಲೇ ಸೇರಿದೆ, ಹೊರಗಿನ ಅಂಗಡಿಯಲ್ಲಿ ದುಡ್ಡು ಸುರಿಯಬೇಕಿಲ್ಲ.

ನನ್ನ ಪಾಲಿಗೆ ಬಂದ ಆಸ್ಪತ್ರೆಯಲ್ಲಿ ವೈದ್ಯಕೀಯ ಮಂಡಳಿ ವಾರದ ನಿಗದಿತ ದಿನ ಮಾತ್ರ ಕೂರುತ್ತಿತ್ತು. ಮೊದಲ ಸಲ ಹೋದಾಗ ಶ್ರವಣ ಪರೀಕ್ಷೆಯ ಯಂತ್ರ ದುರಸ್ತಿಯಲ್ಲಿತ್ತು. ಆಮೇಲೆ ಬೆರಾ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿ, ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳಿನ ಕಾಂಡ ತೋರುವ ಪ್ರತಿಕ್ರಿಯೆಯನ್ನು ಅಳೆಯುವ ಪರೀಕ್ಷೆ ಇದು. ರೋಗಿ ಕೈ ಎತ್ತಿ ಹೇಳಬೇಕಾದ ಅಗತ್ಯವಿಲ್ಲದ ಕಾರಣ ಸುಳ್ಳು ಹೇಳಲು ಸಾಧ್ಯವಿಲ್ಲ ಎಂದು ಮಂಡಳಿಗಳು ಇದನ್ನು ಕೇಳುತ್ತವೆ. ಅದರ ಸೌಲಭ್ಯ ಅಲ್ಲಿರಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಎಲ್ಲರೂ ಆಯಿಷ್ ಎನ್ನುವ ಸಂಸ್ಥೆ ಇದು. ಜನಸಂದಣಿ ಬಹಳ, ಬೆಳಿಗ್ಗೆ ಬೇಗ ಹೋಗಿ ನೋಂದಣಿ ಮಾಡಿಸಬೇಕು. ಆದರೆ ಅಲ್ಲಿ ಯಾರೂ ನನ್ನ ಬೆನ್ನಹಿಂದೆ ನಿಂತು ಹೆಸರು ಕೂಗಲಿಲ್ಲ, ಎದುರಿಗೆ ಬಂದು ಕರೆದರು. ಅದರಿಂದಲೇ ನನಗೆ ಕಣ್ಣು ತುಂಬಿ ಬಂತು.

500, 1000, 2000, 4000 ಹರ್ಟ್ಸ್‌ಗಳಲ್ಲಿ ನನ್ನ ಶ್ರವಣ ನಷ್ಟದ ಸರಾಸರಿ 60 ಡೆಸಿಬಲ್ ದಾಟಿತ್ತು. ಎರಡೂ ಕಿವಿಗಳಲ್ಲಿ, ಮಾತಿನ ಕಂಪನಾಂಕಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಕಾಯ್ದೆ ‘ಮಂದ ಶ್ರವಣ’ ಎನ್ನುತ್ತದೆ, 70 ಆದರೆ ‘ಕಿವುಡು’. ವರದಿಗಳ ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ಮಂಡಳಿಗೆ ತೋರಿಸಿ ಪ್ರತಿ ಮಾತ್ರ ಒಪ್ಪಿಸಿ. ಪ್ರಮಾಣಪತ್ರ ಬರುವಷ್ಟರಲ್ಲಿ ತಿಂಗಳುಗಳೇ ಉರುಳಿದ್ದವು.

ಪ್ರಮಾಣಪತ್ರಕ್ಕೆ ಕಾಯದೆ ದೂರು ಕೊಡಬಹುದೇ ಎಂಬ ಗೊಂದಲ ನನಗಿತ್ತು. ಕೊಡಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಸಿಕ್ಕ ವಕೀಲರು ಇದನ್ನು ಬಿಡಿಸಿ ಹೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಮಹಿಳೆಯರಿಗೆ, ವಿಕಲಚೇತನರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಎಷ್ಟೋ ಜನರಿಗೆ ಇದು ಗೊತ್ತಿಲ್ಲದೆ ಸಾಲ ಮಾಡಿ ವಕೀಲರಿಗೆ ಹಣ ಕೊಡುತ್ತಾರೆ, ಅಥವಾ ದುಡ್ಡಿಲ್ಲವೆಂದು ಸುಮ್ಮನಾಗುತ್ತಾರೆ.

ರಾಜ್ಯ ಆಯುಕ್ತರಿಗೆ ದೂರು ಕೊಡಲು ನಾನು ಯಾವ ಶುಲ್ಕವನ್ನೂ ಕಟ್ಟಲಿಲ್ಲ. ವಕೀಲರೇ ಬರಬೇಕೆಂದೂ ಇಲ್ಲ. ದೂರುದಾರರ ವಿವರ, ಎದುರು ಪಕ್ಷದ ವಿವರ, ಏನಾಯಿತು, ಯಾವಾಗ ಆಯಿತು, ಆಧಾರಗಳೇನು, ಪರಿಹಾರವಾಗಿ ಏನು ಬೇಕು, ಇಷ್ಟು ಇದ್ದರೆ ಸಾಕು. ಮೊದಲ ಕರಡಿನಲ್ಲಿ ನನ್ನ ನೋವೇ ತುಂಬಿತ್ತು. ವಕೀಲರು ಅದನ್ನು ಪಕ್ಕಕ್ಕಿಟ್ಟು, ದಿನಾಂಕದ ಕ್ರಮದಲ್ಲಿ ಪ್ಯಾರಾಗಳಿಗೆ ಸಂಖ್ಯೆ ಹಾಕಿ, ಪ್ರತಿ ಪ್ಯಾರಾದ ಕೊನೆಗೆ ಅನುಬಂಧದ ಸಂಖ್ಯೆ ಬರೆಸಿದರು. ಫೋನಿನ ಮಾತನ್ನು ಕೇಳಿಸಿಕೊಂಡವಳು ತಂಗಿಯಾದ್ದರಿಂದ ಅವಳ ಪ್ರಮಾಣಿತ ಹೇಳಿಕೆ ಪ್ರತ್ಯೇಕವಾಗಿ ಬೇಕಾಯಿತು. ಛಾಪಾ ಕಾಗದ, ನೋಟರಿ, ಜೆರಾಕ್ಸ್, ಅಂಚೆ ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗೇ ಮುಗಿಯಿತು. ದುಡ್ಡು ಕರಗಿದ್ದು ಇದಕ್ಕಲ್ಲ, ಸಂಬಳವಿಲ್ಲದ ತಿಂಗಳುಗಳಿಗೆ ಮತ್ತು ಪ್ರಯಾಣಕ್ಕೆ. ಅಂಚೆಯ ಬಗ್ಗೆ ಒಂದು ಮಾತು: 2025ರಿಂದ ರಿಜಿಸ್ಟರ್ಡ್ ಪೋಸ್ಟ್ ಪ್ರತ್ಯೇಕವಾಗಿ ಇಲ್ಲ, ಸ್ಪೀಡ್ ಪೋಸ್ಟ್‌ನಲ್ಲೇ ಕಳುಹಿಸಬೇಕು. ತಲುಪಿದ್ದಕ್ಕೆ ಪುರಾವೆ ಬೇಕೆಂದು ಕೌಂಟರಿನಲ್ಲಿ ಹೇಳಿ, ರಸೀದಿಯನ್ನು ದೂರಿನ ಪ್ರತಿಗೆ ಲಗತ್ತಿಸಿ ಇಟ್ಟುಕೊಳ್ಳಿ.

ಪರಿಹಾರದ ಭಾಗದಲ್ಲಿ ಮೂರು ಕೇಳಿದೆ: ಕಂಪನಿ ನೀತಿಯನ್ನು ನೋಂದಾಯಿಸಬೇಕು, ಸೂಕ್ತ ಹೊಂದಾಣಿಕೆಯೊಂದಿಗೆ ನನ್ನ ನೇಮಕವನ್ನು ಮರುಪರಿಶೀಲಿಸಬೇಕು, ಕಳೆದುಹೋದ ಸಂಬಳಕ್ಕೆ ಪರಿಹಾರ ಕೊಡಬೇಕು.

ಆಮೇಲೆ ಕಾಯುವ ಕಾಲ. ಆಯುಕ್ತರ ಕಚೇರಿಯಿಂದ ಕಂಪನಿಗೆ ನೋಟಿಸ್ ಹೋಯಿತು, 30 ದಿನದೊಳಗೆ ಉತ್ತರಿಸಲು. ಅವರು ಕಾಲಾವಕಾಶ ಕೇಳಿದರು, ಸಿಕ್ಕಿತು. ಉಳಿತಾಯ ಕರಗಿತು. ಒಂದು ಶ್ರವಣ ಸಾಧನ ಕೆಟ್ಟಾಗ ಎರಡನ್ನೂ ಬದಲಿಸಬೇಕೆಂದರು, ಅದರ ಬೆಲೆ ಕೇಳಿ ಸುಮ್ಮನೆ ಹಳೆಯದನ್ನೇ ರಿಪೇರಿ ಮಾಡಿಸಿಕೊಂಡೆ. ಬೇರೆ ಸಂದರ್ಶನಗಳಿಗೆ ಹೋಗುವಾಗ ಪ್ರತಿ ಸಲ ಅದೇ ಪ್ರಶ್ನೆ: ಮೊದಲೇ ಹೇಳಬೇಕೇ, ಬೇಡವೇ? ಹೇಳಿದರೆ ಕರೆಯೇ ಬರುವುದಿಲ್ಲ. ಹೇಳದಿದ್ದರೆ ಮುಚ್ಚಿಟ್ಟಳೆಂಬ ಆರೋಪ ಬರುತ್ತದೆ. ನಾನು ಕೊನೆಗೆ ಕಂಡುಕೊಂಡ ದಾರಿ ಇದು: ಅರ್ಜಿಯಲ್ಲಿ ಹೇಳುವುದಿಲ್ಲ. ಸಂದರ್ಶನಕ್ಕೆ ಕರೆದಾಗ, ಮುಖಾಮುಖಿ ಅಥವಾ ಅಕ್ಷರ ಮೂಡುವ ವಿಡಿಯೊ ಕರೆಯಲ್ಲಿ ನಡೆಸಿ ಎಂದು ಇಮೇಲ್‌ನಲ್ಲಿ ಕೇಳುತ್ತೇನೆ. ಆಗ ವಿಷಯವೂ ತಿಳಿಯುತ್ತದೆ, ಬೇಡಿಕೆಯೂ ದಾಖಲಾಗುತ್ತದೆ. ಎಲ್ಲರಿಗೂ ಇದೇ ಸರಿ ಎಂದು ಹೇಳಲಾರೆ.

ಆ ದಿನಗಳಲ್ಲಿ ಓದಿದ ಒಂದು ಅಧ್ಯಯನ ಮನಸ್ಸಿನಲ್ಲಿ ಉಳಿಯಿತು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು ಒಂದೇ ಅರ್ಹತೆಯ ಉದ್ಯೋಗ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪನಿಗಳಿಗೆ ಕಳುಹಿಸಿ ನೋಡಿದ್ದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಸಂದರ್ಶನದ ಕರೆ ಬರುವ ಸಾಧ್ಯತೆ ಕಡಿಮೆಯಾಗಿತ್ತು. ಅವರಲ್ಲಿ ಯಾರಿಗೂ ನಿರಾಕರಣೆಯ ಕಾರಣ ಹೇಳಿ ಪತ್ರ ಬರುವುದಿಲ್ಲ. ನನಗೆ ಕನಿಷ್ಠ ಒಂದು ಫೋನ್ ಕರೆಯಾದರೂ ಬಂದಿತ್ತು, ಕೇಳಿಸಿಕೊಳ್ಳಲು ತಂಗಿ ಇದ್ದಳು. ಕರೆಯೇ ಬಾರದವರು ಏನನ್ನು ಹಿಡಿದುಕೊಂಡು ದೂರು ಕೊಡಬೇಕು?

ಹೊಟ್ಟೆಪಾಡಿಗೆ ಒಂದು ಸಣ್ಣ ಸಂಸ್ಥೆಯಲ್ಲಿ ಕಡಿಮೆ ಸಂಬಳಕ್ಕೆ ಸೇರಿದೆ. ಅಲ್ಲಿ ಕೆಲಸ ಕೊಡುವಾಗ ಯಾರೂ ಕಿವಿಯ ವಿಷಯ ಎತ್ತಲಿಲ್ಲ. ಆದರೆ ಒಳಗೆ ಸೇರಿದ ಮೇಲೆ ಬೇರೆಯದೇ ಅನುಭವ. ಸಭೆಯಲ್ಲಿ ಎಲ್ಲರೂ ನಕ್ಕಾಗ ಏನೆಂದು ಕೇಳಿದರೆ ‘ಆಮೇಲೆ ಹೇಳುತ್ತೇನೆ’. ಲೆಕ್ಕದ ಹೊಸ ತಂತ್ರಾಂಶದ ತರಬೇತಿಗೆ ಇಬ್ಬರನ್ನು ಕಳುಹಿಸುವಾಗ ‘ನಿಮಗೆ ಅಲ್ಲಿ ಕೇಳಿಸುವುದು ಕಷ್ಟ, ಇವರು ಬಂದು ಹೇಳಿಕೊಡುತ್ತಾರೆ’. ಆ ‘ಆಮೇಲೆ’ ಬರುವುದೇ ಇಲ್ಲ. ಶ್ರವಣದೋಷ ಇರುವ ಯಾರನ್ನಾದರೂ ಕೇಳಿ ನೋಡಿ, ಈ ಮಾತನ್ನು ಅವರು ಎಷ್ಟು ಸಲ ಕೇಳಿದ್ದಾರೆಂದು. ಹೊರಗೆ ತಳ್ಳುವುದು ಮಾತ್ರ ತಾರತಮ್ಯವಲ್ಲ. ಒಳಗೆ ಕೂರಿಸಿ ತರಬೇತಿ, ಬಡ್ತಿ, ಹೊಣೆಯಿಂದ ದೂರವಿಡುವುದೂ ಅದೇ. ಇದಕ್ಕೆ ದೂರು ಕೊಡುವುದು ಇನ್ನೂ ಕಷ್ಟ, ಯಾಕೆಂದರೆ ಪ್ರತಿ ಘಟನೆಯೂ ಬಿಡಿಯಾಗಿ ನೋಡಿದರೆ ಕ್ಷುಲ್ಲಕ. ಅಲ್ಲಿಯೂ ನಾನು ಒಂದು ಟಿಪ್ಪಣಿ ಪುಸ್ತಕ ಇಟ್ಟು ದಿನಾಂಕ ಹಾಕಿ ಬರೆಯತೊಡಗಿದೆ. ತರಬೇತಿಯ ಲಿಖಿತ ಸಾಮಗ್ರಿ ಕೊಡಿ ಎಂದು ಇಮೇಲ್ ಮಾಡಿದೆ. ಅದು ಬಂತು.

ಕಂಪನಿಯ ಉತ್ತರ ವಕೀಲರ ಮೂಲಕ ಬಂತು. ವಾದ ಮೂರು. ಒಂದು, ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ 20ನೆಯ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಎರಡು, ನೇಮಕ ಹಿಂಪಡೆದ ದಿನ ನನ್ನ ಬಳಿ ಶೇ. 40ರ ವೈಕಲ್ಯ ಪ್ರಮಾಣಪತ್ರ ಇರಲಿಲ್ಲ. ಮೂರು, ಹುದ್ದೆಗೆ ಫೋನ್ ಸಂಭಾಷಣೆ ಅನಿವಾರ್ಯ. ಮೂರನೆಯದನ್ನು ಓದಿದಾಗ ವಕೀಲರ ಮುಖ ಅರಳಿತು. ‘ವ್ಯಾವಹಾರಿಕ ಅಗತ್ಯ’ ಎಂದು ಇಮೇಲ್‌ನಲ್ಲಿ ಬರೆದವರು ಈಗ ತಾವಾಗಿಯೇ ಕಿವಿಯ ಕಾರಣವನ್ನು ಬರಹದಲ್ಲಿ ಕೊಟ್ಟಿದ್ದರು. ಆ ಒಂದು ವಾಕ್ಯಕ್ಕಾಗಿಯೇ ನಾನು ಅಷ್ಟು ತಿಂಗಳು ಕಾದಿದ್ದು.

ಮೊದಲ ವಾದದಲ್ಲಿ ಅರ್ಧ ನಿಜವಿದೆ. 20ನೆಯ ಸೆಕ್ಷನ್ ಸರ್ಕಾರಿ ಸಂಸ್ಥೆಗಳನ್ನೇ ಹೆಸರಿಸುತ್ತದೆ. ಖಾಸಗಿ ಕಂಪನಿಯ ವಿರುದ್ಧ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು. ದೂರನ್ನು 3 ಮತ್ತು 21ನೆಯ ಸೆಕ್ಷನ್‌ಗಳ ಮೇಲೆ ಕಟ್ಟಿ. ಎರಡನೆಯ ವಾದಕ್ಕೆ ಉತ್ತರವಾಗಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಕೊಟ್ಟ ವಿಕಾಶ್ ಕುಮಾರ್ ಪ್ರಕರಣದ ತೀರ್ಪನ್ನು ಲಗತ್ತಿಸಿದೆವು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಬರಹಗಾರರ ನೆರವು ನಿರಾಕರಿಸಲಾಗಿತ್ತು. ಶೇ. 40ರ ಮಿತಿ ಮೀಸಲಾತಿಯಂಥ ವಿಷಯಗಳಿಗೆ ಸಂಬಂಧಿಸಿದ್ದು, ಸೂಕ್ತ ಹೊಂದಾಣಿಕೆಯ ಹಕ್ಕಿಗೆ ಅದು ಪೂರ್ವಷರತ್ತಲ್ಲ ಎಂದು ನ್ಯಾಯಾಲಯ ಹೇಳಿತು. ಪ್ರಮಾಣಪತ್ರ ಕೈಗೆ ಬಂದಿಲ್ಲವೆಂದು ಹಿಂಜರಿಯುವವರು ಈ ತೀರ್ಪನ್ನು ತಪ್ಪದೆ ಓದಿ.

ವಿಚಾರಣೆಗೆ ಮುಂಚೆ ಕಚೇರಿಗೆ ಪತ್ರ ಬರೆದು, ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಬೇಕು, ಮಾತನ್ನು ಅಕ್ಷರಕ್ಕಿಳಿಸುವ ಆ್ಯಪ್ ಇರುವ ಮೊಬೈಲನ್ನು ಮೇಜಿನ ಮೇಲಿಡಲು ಅನುಮತಿ ಬೇಕು ಎಂದು ಕೇಳಿದ್ದೆ. ಎರಡನ್ನೂ ಕೊಟ್ಟರು. ಫ್ಯಾನಿನ ಸದ್ದಿಗೆ ಆ್ಯಪ್ ಕೆಲವೆಡೆ ತಪ್ಪು ಬರೆದರೂ ಹೆಚ್ಚಿನದು ತಿಳಿಯಿತು. ಜತೆಗೆ ತಂಗಿ ಕಾಗದದಲ್ಲಿ ಬರೆದು ತೋರಿಸುತ್ತಿದ್ದಳು. ಹೊರಗಿನ ಪಡಸಾಲೆಯಲ್ಲಿ ಕಂಪನಿಯ ಪ್ರತಿನಿಧಿ ಹತ್ತಿರ ಬಂದು, ದೂರನ್ನು ಹಿಂದಕ್ಕೆ ತೆಗೆದುಕೊಂಡರೆ ಏನಾದರೂ ನೋಡೋಣ ಎಂದರು. ಬರಹದಲ್ಲಿ ಕೊಡಿ ಎಂದೆ. ಅವರು ಮತ್ತೆ ಹತ್ತಿರ ಬರಲಿಲ್ಲ. ವಿಚಾರಣೆ ಮುಂದಕ್ಕೆ ಹೋಗುತ್ತಿದ್ದ ದಿನಗಳಲ್ಲಿ ರಜೆ ಕಳೆದುಕೊಂಡು ಬರಿಗೈಯಲ್ಲಿ ಮರಳುವಾಗ ಬಹಳ ದಣಿವಾಗುತ್ತಿತ್ತು. ಹೊರಡುವ ಮುನ್ನ ವಿಚಾರಣೆ ಇದೆಯೇ ಎಂದು ಇಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ.

ಆದೇಶದಲ್ಲಿ ಬಂದದ್ದು ಹೀಗೆ. ಜಾಹೀರಾತಿನಲ್ಲಿ ಇಲ್ಲದ ಅಗತ್ಯವನ್ನು ಆಮೇಲೆ ಮುಂದೆ ಮಾಡಿದ್ದು, ಹೊಂದಾಣಿಕೆ ಸಾಧ್ಯವೇ ಎಂದು ಪರಿಶೀಲಿಸದೆ ನಿರಾಕರಿಸಿದ್ದು ತಪ್ಪು. ಕಂಪನಿ ನೀತಿಯನ್ನು ನೋಂದಾಯಿಸಬೇಕು, ಸಂಪರ್ಕಾಧಿಕಾರಿಯನ್ನು ನೇಮಿಸಬೇಕು, ನನ್ನನ್ನು ಮತ್ತೆ ಪರಿಗಣಿಸಬೇಕು. ಸಂಬಳದ ಪರಿಹಾರ ಸಿಗಲಿಲ್ಲ. ಅದಕ್ಕೆ ಬೇರೆ ನ್ಯಾಯಾಲಯಕ್ಕೆ ಹೋಗಬೇಕು, ಆ ಶಕ್ತಿ ಈಗ ನನ್ನಲ್ಲಿಲ್ಲ.

ಮುಂದಿನವರಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತು: ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ಆದರೆ ಅವರು ಕೊಡುವುದು ಶಿಫಾರಸು. ಶಿಫಾರಸು ತಲುಪಿದವರು ಏನು ಕ್ರಮ ಕೈಗೊಂಡೆವೆಂದು ಮೂರು ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು. ಕಾಯ್ದೆಯನ್ನು ಉಲ್ಲಂಘಿಸಿದರೆ 89ನೆಯ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. ದೊಡ್ಡ ಕಂಪನಿಗೆ ಮೊದಲ ಮೊತ್ತ ಏನೂ ಅಲ್ಲ. ಈ ಕಾಯ್ದೆಯ ಹಲ್ಲು ಇನ್ನೂ ಗಟ್ಟಿಯಾಗಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ನನ್ನ ವಿಷಯದಲ್ಲಿ ಕಂಪನಿ ಪಾಲಿಸಿತು. ಮರುಸಂದರ್ಶನ ಪರದೆಯ ಮೇಲೆ ಅಕ್ಷರ ಮೂಡುವ ವಿಡಿಯೊ ಕರೆಯಲ್ಲಿ ನಡೆಯಿತು. ಪ್ರಶ್ನೆಗಳೆಲ್ಲ ಲೆಕ್ಕಪತ್ರದ್ದೇ. ಹೊಸ ಪ್ರಸ್ತಾವ ಪತ್ರ ಬಂದಿದೆ, ಸಂಬಳ ಹಳೆಯ ಪತ್ರದಲ್ಲಿದ್ದಷ್ಟೇ. ಅಂದು ನನ್ನನ್ನು ಬೇಡವೆಂದವರ ಜತೆಯಲ್ಲೇ ಕೆಲಸ ಮಾಡಬೇಕೆಂಬ ಅಳುಕು ಇದೆ, ಬೇಡವೆನ್ನಲೇ ಎಂದು ಹಲವು ಸಲ ಯೋಚಿಸಿದೆ. ನಾನು ಹೋಗದಿದ್ದರೆ ಶ್ರವಣದೋಷ ಇರುವವರು ಈ ಕೆಲಸ ಮಾಡಬಲ್ಲರೆಂದು ಅವರಿಗೆ ತಿಳಿಯುವುದು ಯಾವಾಗ ಎಂದು ತಂಗಿ ಕೇಳಿದಳು. ಒಪ್ಪಿಕೊಂಡೆ. ಒಪ್ಪಿಗೆಯ ಜತೆಗೆ ನನಗೆ ಬೇಕಾದ ಹೊಂದಾಣಿಕೆಗಳ ಪಟ್ಟಿಯನ್ನೂ ಕಳುಹಿಸಿದೆ: ಗ್ರಾಹಕರೊಂದಿಗೆ ಇಮೇಲ್ ವ್ಯವಹಾರ, ಸಭೆಗಳಲ್ಲಿ ಅಕ್ಷರ ಸೌಲಭ್ಯ ಮತ್ತು ಲಿಖಿತ ನಡಾವಳಿ, ತರಬೇತಿಗಳ ಲಿಖಿತ ಸಾಮಗ್ರಿ, ಬೆಂಕಿಯ ಎಚ್ಚರಿಕೆಗೆ ದೀಪ ಮಿನುಗುವ ವ್ಯವಸ್ಥೆ. ಹೊಸ ಸಂಪರ್ಕಾಧಿಕಾರಿ ಮೊದಲ ಮೂರನ್ನು ಒಪ್ಪಿ ಉತ್ತರಿಸಿದ್ದಾರೆ. ದೀಪದ ವಿಷಯ ಕಟ್ಟಡದ ಮಾಲೀಕರಿಗೆ ಸಂಬಂಧಿಸಿದ್ದು, ಕೇಳಿ ತಿಳಿಸುತ್ತೇವೆ ಎಂದಿದ್ದಾರೆ. ಯಾವ ದಿನಾಂಕದೊಳಗೆ ಎಂದು ನಿನ್ನೆ ಮತ್ತೆ ಬರೆದಿದ್ದೇನೆ.